ತುಂಬಾ ಬೇಗ ಹೋಗುವ ಕಾರು

ಪೂಣಚ್ಚ ಎಂಬ ಆ ಮನುಷ್ಯ "ಬೇಗ" ಎಂದ, ನಾನು "ಬೇಗ" ಎಂದೇ ಕೇಳಿಸಿಕೊಂಡೆ. ನಡೆದ ತಪ್ಪು ಇಷ್ಟೇ. ಆದರೂ ಊರಿನವರು ಇವತ್ತಿಗೂ ನನ್ನನ್ನು ಕಂಡರೆ ಕಿವಿ ಮುಟ್ಟಿಕೊಂಡು ನಗುತ್ತಾರೆ. ನಗಲಿ. ಭಜನಾ ಮಂದಿರಗಳ, ನಾಟಕ ಸಂಘದ, ಹೆಣ್ಣುಮಕ್ಕಳ ಶಾಲೆಯ ಹಾರ್ಮೋನಿಯಂಗಳೆಲ್ಲ ಶ್ರುತಿ ತಪ್ಪಿದಾಗ ಬರುವುದು ನನ್ನ ಬಾಗಿಲಿಗೇ. ಹಾರ್ಮೋನಿಯಂ ತಿಪ್ಪಣ್ಣನ ಕಿವಿಯನ್ನು ಆಡಿಕೊಳ್ಳುವವರು ಮೊದಲು ತಮ್ಮ ಮನೆಯ ಬಾಗಿಲು ಯಾವ ಸ್ವರದಲ್ಲಿ ಕಿರುಗುಟ್ಟುತ್ತದೆ ಅಂತ ಹೇಳಲಿ ನೋಡೋಣ.

ನಮ್ಮೂರಿನಲ್ಲಿ ವೇಗವಾಗಿ ಹೋದರೆ ದಾರಿ ಉದ್ದವಾಗುತ್ತದೆ, ಮೆಲ್ಲಗೆ ಹೋದರೆ ಗಿಡ್ಡವಾಗುತ್ತದೆ. ಹಾಗಾಗಿ ನಮ್ಮಲ್ಲಿ "ಬೇಗ ಹೋಗು" ಎಂದರೆ ಮೆಲ್ಲಗೆ ಹೋಗು ಎಂದೇ ಅರ್ಥ. "ವೇಗ" ಎಂಬುದು ಹಿರಿಯರ ಮುಂದೆ ಆಡುವ ಮಾತಲ್ಲ. ಯಾರ ಮನೆಗಾದರೂ ಬೆಂಕಿ ಬಿದ್ದರೆ ಅಗ್ನಿಶಾಮಕದವರು ಕೈ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ, ಊಟವಾದ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡುವವರ ಹಾಗೆ ಹೊರಡುತ್ತಾರೆ. ಅದಕ್ಕೇ ಇದುವರೆಗೆ ಒಂದು ಮನೆಯೂ ಪೂರ್ತಿ ಸುಟ್ಟಿಲ್ಲ. ಶಾಲೆಯ ಓಟದ ಪಂದ್ಯವನ್ನು ಉಸಿರು ಬಿಗಿಹಿಡಿದು ನೋಡಬೇಕು, ಮಕ್ಕಳು ಕದಲಿದರೋ ಇಲ್ಲವೋ ತಿಳಿಯುವುದೇ ಕಷ್ಟ. ಪ್ರೀತಿಸುವ ಹುಡುಗ ಹುಡುಗಿಯರು ಮಾತ್ರ ಒಂದೇ ಸೈಕಲ್ಲಿನ ಮೇಲೆ ಕೂತು ಎದ್ದೆವೋ ಬಿದ್ದೆವೋ ಎಂದು ತುಳಿಯುತ್ತಾರೆ, ಅದನ್ನು ಕಂಡ ಹಿರಿಯರು ಮುಖ ತಿರುಗಿಸುತ್ತಾರೆ. ರಂಗಶಾಮಿ ಎಂಬವನೊಬ್ಬ ಇನ್ನೂ ಬುದ್ಧಿವಂತನಾಗಲು ಹೋಗಿ, ನಿಂತೇಬಿಟ್ಟರೆ ಎಲ್ಲರಿಗಿಂತ ಮೊದಲು ತಲುಪಬಹುದೆಂದು ಮಾರ್ಕೆಟ್ಟಿನ ಮೂಲೆಯಲ್ಲಿ ನಿಂತ. ಇನ್ನೂ ಅಲ್ಲೇ ನಿಂತಿದ್ದಾನೆ. ಈಗ ಅವನ ಪಕ್ಕದಲ್ಲೊಂದು ಟೀ ಅಂಗಡಿ ಆಗಿರುವುದರಿಂದ ಅವನಿಗೂ ಅಷ್ಟು ಬೇಸರವಿಲ್ಲ.

ಊರು ಬಿಟ್ಟು ಹೊರಡುವ ನೆಂಟರ ಕೈಗೆ ಏನಾದರೊಂದು ಭಾರದ ವಸ್ತು ಕೊಡುವುದು ನಮ್ಮಲ್ಲಿ ಮರ್ಯಾದೆ. ಕುಂಬಳಕಾಯಿಯೋ, ರುಬ್ಬುಗುಂಡೋ, ಏನಾದರೂ ಸರಿ. ಭಾರ ಹೊತ್ತವನು ಮೆಲ್ಲಗೆ ನಡೆಯುತ್ತಾನೆ, ಬೇಗ ಸೇರುತ್ತಾನೆ. ಬರಿಗೈಯಲ್ಲಿ ಕಳಿಸಿದರೆ ಕತ್ತು ಹಿಡಿದು ನೂಕಿದಂತೆ ಲೆಕ್ಕ.

ನನ್ನ ಹೆಂಡತಿ ಸಾವಂತ್ರವ್ವ ಈ ಊರಿನವಳಲ್ಲ. ಬಡಗಣ ಸೀಮೆಯವಳು, ಅಲ್ಲಿ ದಾರಿ ಇದ್ದಷ್ಟೇ ಇರುತ್ತದಂತೆ. ಮದುವೆಯಾಗಿ ಬಂದ ಮೊದಲ ವಾರವೇ ಅವಳು ನಮ್ಮ "ಬೇಗ"ದ ಜೊತೆ ಜಗಳಕ್ಕೆ ನಿಂತಳು. "ಓಡೂದಕ್ಕ ನಾ ಲಗೂನ ಅಂತೀನಿ, ನಡಿಯೂದಕ್ಕ ಸಾವಕಾಶ ಅಂತೀನಿ. ನಿಮ್ಮೂರ ಬೇಗ ನನಗ ಬ್ಯಾಡ್ರಿ, ಅದು ಸುಳ್ಳ ಹೇಳ್ತೈತಿ" ಎಂದಳು. ತಲೆಗೂದಲು ನರೆಯುವವರೆಗೂ "ಬೇಗ" ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ಅಂಗಡಿಯವರು, ಅಕ್ಕಪಕ್ಕದವರು ಎಲ್ಲರೂ ಅವಳ ಲಗೂನವನ್ನೂ ಸಾವಕಾಶವನ್ನೂ ಕಲಿತರು, ಅವಳು ನಮ್ಮದೊಂದನ್ನು ಕಲಿಯಲಿಲ್ಲ. ನಾನೂ ನಕ್ಕು ಸುಮ್ಮನಾಗಿದ್ದೆ. ಆದರೆ ಒಮ್ಮೊಮ್ಮೆ, ಇವಳು ಇನ್ನೂ ನಮ್ಮೂರಿಗೆ ನೆಂಟಳಾಗಿಯೇ ಉಳಿದಿದ್ದಾಳೇನೋ ಎಂದು ಒಳಗೇ ಚುಚ್ಚುತ್ತಿತ್ತು.

ಬರುವಾಗ ಅವಳು ತಂದದ್ದು ಒಂದು ಟ್ರಂಕು, ಒಂದು ಹಾರ್ಮೋನಿಯಂ. ಅವಳು ಅದನ್ನು ಪೇಟಿ ಎನ್ನುತ್ತಾಳೆ. ಅವಳಪ್ಪ ಭಜನಾ ಮೇಳದಲ್ಲಿ ನುಡಿಸುತ್ತಿದ್ದ ಪೇಟಿ. ಬಂದ ಹೊಸದರಲ್ಲಿ ನುಡಿಸಿಕೊಂಡು ಹಾಡುತ್ತಿದ್ದಳು, ಆಮೇಲೆ ಅದು ಮಂಚದ ಕೆಳಗೆ ಸೇರಿತು. ಪ್ರತಿ ಶುಕ್ರವಾರ ಹೊರಗೆಳೆದು ಒರೆಸಿ, ಕುಂಕುಮವಿಟ್ಟು, ಮತ್ತೆ ಒಳಗೆ ತಳ್ಳುತ್ತಿದ್ದಳು. ಯಾಕೆ ಹಾಡುವುದಿಲ್ಲ ಎಂದರೆ "ಹೊತ್ತಿಲ್ರಿ" ಎನ್ನುತ್ತಿದ್ದಳು. ಅಡುಗೆ, ಮನೆ, ನೀರು ನಿಡಿ, ಹೊತ್ತಿರಲಿಕ್ಕಿಲ್ಲ ಎಂದುಕೊಂಡೆ.

ನನಗೆ ಕಾರು ಬೇಕಾದದ್ದು ಶೋಕಿಗಲ್ಲ. ಹಾರ್ಮೋನಿಯಂ ಹೊತ್ತು ಹೊತ್ತು ಭುಜ ಜಾರಿಹೋಗಿತ್ತು. ಹೊರಗಿನಿಂದ ಬಂದ ಹಳೆಯ ಕಾರುಗಳನ್ನು ನಮ್ಮ ಮೆಕ್ಯಾನಿಕ್ ಬುಡೇನ್ ಬಿಚ್ಚಿ, ವೇಗ ತೆಗೆದು, ಊರಿಗೆ ಒಗ್ಗುವ ಹಾಗೆ ಮಾಡಿ ಮಾರುತ್ತಾನೆ. ಕೊಳ್ಳುವ ಮೊದಲು ಅಜ್ಜಿ ಪರೀಕ್ಷೆ ಆಗಬೇಕು. ಪುಟ್ಟತಾಯಮ್ಮ ಎಂಬ ಅಜ್ಜಿ ಕೋಲೂರಿಕೊಂಡು ಮುಂದೆ ನಡೆಯುತ್ತಾಳೆ, ಕಾರು ಅವಳ ಹಿಂದೆ ಹೋಗಬೇಕು. ಅಜ್ಜಿಯನ್ನು ದಾಟಿತೋ, ಆ ಕಾರು ಬೇಡ. ಬುಡೇನನ ಹತ್ತಿರ ಆ ಹೊತ್ತಿಗೆ ಮಾರುವ ಕಾರು ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಒಬ್ಬ ಹೊರಗಿನವನು ತನ್ನದನ್ನೇ ಮಾರುತ್ತಿದ್ದಾನೆ ಎಂದು ಕೇಳಿ ಹೋದೆ.

ಬೂದು ಬಣ್ಣದ, ಮೊಂಡು ಮೂತಿಯ ಕಾರು. ಬಾನೆಟ್ಟಿನ ಮೇಲೊಂದು ಕೊರೆದ ತೂತು, ಹಿಂದೆ ತಂಬಿಗೆ ತೂರಿಸುವಷ್ಟು ದಪ್ಪನೆಯ ಸೈಲೆನ್ಸರ್ ಕೊಳವೆ, ಅಗಲ ಟೈರು. ಹಿಂದಿನ ಸೀಟು ಕಿತ್ತುಹಾಕಿದ್ದರು. ಎರಡು ಹಾರ್ಮೋನಿಯಂ ಆರಾಮವಾಗಿ ಕೂರುತ್ತವೆ ಎಂದು ಖುಷಿಯಾಯಿತು. ಪಕ್ಕದಲ್ಲಿ ನಿಂತಿದ್ದ ಪೂಣಚ್ಚನಿಗೆ ಗಡ್ಡ ಎದೆಗಿಳಿದಿತ್ತು, ಕಣ್ಣು ಗುಳಿಬಿದ್ದಿತ್ತು. ಎಲ್ಲೋ ರೇಸಿಗೆ ಹೊರಟವನು ದಾರಿ ತಪ್ಪಿ ಬಂದಿದ್ದನಂತೆ. "ಗಾಡಿ ಚಿನ್ನ ಸಾರ್, ನಿಮ್ಮೂರ ರಸ್ತೆನೇ ಸರಿಯಿಲ್ಲ" ಎಂದ. ಗುಂಡಿಗಳ ವಿಷಯ ಹೇಳುತ್ತಿದ್ದಾನೆಂದು ನಾನೂ ತಲೆಯಾಡಿಸಿದೆ.

"ಹೇಗೆ ಹೋಗುತ್ತಪ್ಪಾ ಇದು?" ಎಂದು ಕೇಳಿದೆ.

"ಬೇಗ ಹೋಗುತ್ತೆ ಸಾರ್."

"ಬೇಗ ಅಂದ್ರೆ?"

"ತುಂಬಾ ಬೇಗ. ಎಂಜಿನ್ ಪೂರ್ತಿ ಬಿಚ್ಚಿಸಿ, ಟರ್ಬೊ ಹಾಕಿಸಿ, ಪಕ್ಕದಲ್ಲಿ ಕೂತು ಮಾಡಿಸಿದೀನಿ. ಇದರಷ್ಟು ಬೇಗ ಹೋಗೋ ಗಾಡಿ ಈ ಸೀಮೇಲೇ ಇಲ್ಲ."

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹೊರಗಿನ ಲೋಕದಲ್ಲೂ ಒಬ್ಬ ಪುಣ್ಯಾತ್ಮ ಕೂತು, ಎಂಜಿನ್ ಬಿಚ್ಚಿ, ಇಷ್ಟು ಸಾವಧಾನದ ಗಾಡಿ ಮಾಡಿಸಿದ್ದಾನಲ್ಲ! ಅವನು ಸ್ಟಾರ್ಟ್ ಮಾಡಿ ತೋರಿಸಿದ. ಹೊಟ್ಟೆಯಿಂದ ಎದ್ದ ದನಿ ಮಂದ್ರ ಷಡ್ಜ, ಒಂದಿಷ್ಟೂ ಅಲುಗದೆ ನಿಂತಿತ್ತು. ಇಷ್ಟು ತಗ್ಗಿನಲ್ಲಿ ನುಡಿಯುವ ಎಂಜಿನ್ ಓಡುವುದುಂಟೇ? ಪುಟ್ಟತಾಯಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. "ತಿಪ್ಪಣ್ಣ, ನಾನು ಮುಂದೆ ನಡೀತೀನಿ ಕಣಪ್ಪ, ಗಾಡಿ ಹಿಂದೆ ಬಿಡು" ಎಂದಳು. "ಬೇಡ ಅಜ್ಜಿ, ನನ್ನ ಕಿವಿ ಕೇಳಿಸಿಕೊಂಡಾಯ್ತು" ಎಂದೆ. ಅಜ್ಜಿಯ ಮುಖ ದಪ್ಪಗಾಯಿತು.

ಪೂಣಚ್ಚ ದುಡ್ಡನ್ನು ಮುಟ್ಟಲಿಲ್ಲ. "ಈ ಊರಿಂದ ಆಚೆ ಹೋದ್ರೆ ಸಾಕು ಸಾರ್, ಹೇಗಾದ್ರೂ. ನಡ್ಕೊಂಡಾದ್ರೂ ಹೋಗ್ತೀನಿ" ಎಂದು ಬೀಗದ ಕೈ ನನ್ನ ಕೈಗಿಟ್ಟ. ಅಂಥವನನ್ನು ಬರಿಗೈಯಲ್ಲಿ ಕಳಿಸಲಾದೀತೆ? ನನ್ನ ಜೊತೆ ಮನೆಯವರೆಗೆ ನಡೆಸಿಕೊಂಡು ಬಂದೆ. ಸಾವಂತ್ರಿ ನೀರಿಗೆ ಹೋಗಿದ್ದಳು. ಕುಂಬಳಕಾಯಿ ಆಗಲೇ ಒಲೆಯ ಮೇಲೆ ಹುಳಿಯಾಗಿತ್ತು, ರುಬ್ಬುಗುಂಡು ಅರ್ಧ ರುಬ್ಬಿದ ಹಿಟ್ಟಿನಲ್ಲಿತ್ತು. ಕಣ್ಣಿಗೆ ಬಿದ್ದದ್ದು ಮಂಚದ ಕೆಳಗಿನ ಪೇಟಿ. ಅಂಥ ಕಾರು ಕೊಟ್ಟವನಿಗೆ ಕುಂಬಳಕಾಯಿಗಿಂತ ದೊಡ್ಡದನ್ನೇ ಕೊಡಬೇಕು ಎಂದೂ ಅನ್ನಿಸಿತು. ಎತ್ತಿ ಅವನ ತಲೆಯ ಮೇಲಿಟ್ಟೆ. ಅವನು ಕಕ್ಕಾಬಿಕ್ಕಿಯಾಗಿ ನೋಡಿದ, ತೂರಾಡಿದ, ಒಂದೊಂದೇ ಹೆಜ್ಜೆ ಎತ್ತಿಟ್ಟ. ನಾನು ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಬೀದಿಯಲ್ಲಿ ಇರಲಿಲ್ಲ. ಅಷ್ಟು ದಿನ ಆ ಕಾರಿನಲ್ಲಿ ಮುಟ್ಟಲಾಗದ ಊರಗಡಿಯನ್ನು ಮುಟ್ಟಿಬಿಟ್ಟಿದ್ದ.

ಮಾರ್ಕೆಟ್ಟಿಗೆ ವಾಪಸು ಹೋಗಿ ಕಾರು ಹತ್ತಿ, ಆಕ್ಸಿಲರೇಟರನ್ನು ಕಾಲಿನಿಂದ ಸುಮ್ಮನೆ ಒಮ್ಮೆ ಸವರಿದೆ ಅಷ್ಟೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಮಾರ್ಕೆಟ್ಟಿನಿಂದ ನಮ್ಮ ಮನೆಗೆ ಮೂರು ಬೀದಿ. ಮೊದಲನೆಯ ಬೀದಿಯೇ ಮುಗಿಯಲಿಲ್ಲ. ಕುಂಬಾರರ ಮನೆಗಳು ಬಂದವು, ಮತ್ತೆ ಕುಂಬಾರರ ಮನೆಗಳು ಬಂದವು, ಊರಲ್ಲಿ ಇಷ್ಟು ಮಡಕೆ ಇವೆಯೇ ಎಂದು ನನಗೇ ಆಶ್ಚರ್ಯವಾಗುವಷ್ಟು ಬಂದವು. ಹೆದರಿಕೆಗೆ ಕಾಲು ಇನ್ನೂ ಬಿಗಿಯಾಗುತ್ತಿತ್ತು. ಕೊನೆಗೆ ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು, ಸಾವಂತ್ರಿ ಜಗಲಿಯ ಮೇಲೆ ಕೂತಿದ್ದಳು. ಅವತ್ತು ಶುಕ್ರವಾರ ಎಂಬುದು ನನಗೆ ಆಗ ಹೊಳೆಯಿತು.

"ನಮ್ಮಪ್ಪನ ಪೇಟಿ ಎಲ್ಲೈತ್ರಿ?" ಎಂದು ಕೇಳಿದಳು.

ಹೇಳಿದೆ. ಕಾರು, ಪೂಣಚ್ಚ, ಮರ್ಯಾದೆ, ಹಿಟ್ಟಿನಲ್ಲಿದ್ದ ರುಬ್ಬುಗುಂಡು, ಎಲ್ಲ ಹೇಳಿದೆ. "ಹೇಗೂ ನುಡಿಸ್ತಾ ಇರ್ಲಿಲ್ಲವಲ್ಲ" ಎಂದೂ ಬಾಯಿ ತಪ್ಪಿ ಸೇರಿಸಿದೆ. ಅಷ್ಟು ಹೇಳದಿದ್ದರೆ ಏನಾದರೂ ಉಳಿಯುತ್ತಿತ್ತೇನೋ.

"ನನ್ನ ಒಂದ್ ಮಾತ ಕೇಳಬೇಕಂತ ಅನಸ್ಲಿಲ್ಲೇನ್ರಿ ನಿಮಗ?" ಎಂದಳು ಅವಳು. ಕೂಗಲಿಲ್ಲ. ಕೂಗಿದ್ದರೆ ನನಗೂ ಕೂಗಲು ದಾರಿಯಿತ್ತು.

ಬೆಳಿಗ್ಗೆ ಬುಡೇನ್ ಬಂದು ಬಾನೆಟ್ ಎತ್ತಿ ನೋಡಿದ. "ಅಣ್ಣಾ, ಇಷ್ಟು ವರ್ಷ ನಾನು ಎಂಜಿನ್ನುಗಳಿಂದ ವೇಗ ತೆಗೆದು ತೆಗೆದು ಎಸೆದಿದೀನಲ್ಲ, ಅದನ್ನೆಲ್ಲ ಯಾರೋ ಆಯ್ದು ಇದರೊಳಗೆ ತುಂಬಿದಂಗಿದೆ. ಇದರಿಂದ ವೇಗ ತೆಗೆದ್ರೆ ಸ್ಟೀರಿಂಗ್ ಒಂದು ಉಳಿಯುತ್ತೆ ಅಷ್ಟೆ" ಎಂದ. ಫಸ್ಟ್ ಗೇರಿನಲ್ಲಿ, ಕಾಲು ಇಟ್ಟೂ ಇಡದ ಹಾಗೆ ಇಟ್ಟುಕೊಂಡರೆ ತೆವಳುತ್ತದೆ, ಒತ್ತಿದರೆ ದೇವರೇ ಗತಿ ಎಂದು ಹೇಳಿಕೊಟ್ಟ. ನಾನು ಅದನ್ನು ಕಲಿಯುತ್ತಿದ್ದಾಗಲೇ ಸಾವಂತ್ರಿ ಟ್ರಂಕು ಎಳೆದುಕೊಂಡು ಹೊರಗೆ ಬಂದಳು.

"ತವರಿಗೆ ಹೋಗ್ತೀನಿ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ರಿ. ನಮ್ಮಪ್ಪನ ಪೇಟಿ ಕೊಟ್ಟು ತಂದ ಕಾರ ಅಲ್ಲೇನ್ರಿ, ಇಷ್ಟಕ್ಕರ ಬರ್ಲಿ."

"ಯಾವಾಗ ಬರ್ತೀಯ?" ಎಂದೆ.

"ನೋಡೋಣ್ರಿ" ಎಂದಳು. ಸಾವಂತ್ರಿಯ "ನೋಡೋಣ" ನನಗೆ ಗೊತ್ತು. ಅದರಲ್ಲಿ ನೋಡುವುದೇನೂ ಇರುವುದಿಲ್ಲ. ಅವಳಿಲ್ಲದ ಮನೆಯಲ್ಲಿ ಊರಿನ ಹಾರ್ಮೋನಿಯಂಗಳನ್ನೆಲ್ಲ ಶ್ರುತಿ ಮಾಡಿಕೊಂಡು ಯಾರಿಗೆ ಕೇಳಿಸಲಿ?

ಬಸ್ ಸ್ಟ್ಯಾಂಡು ಊರಗಡಿಯಲ್ಲಿದೆ. ಮೆಲ್ಲಗೆ ಹೋದರೆ ಎಲೆ ಅಡಿಕೆ ಮಡಿಚಿ ಬಾಯಿಗಿಡುವಷ್ಟರಲ್ಲಿ ಬಂದುಬಿಡುತ್ತದೆ. ಅವಳು ಮುಂದೆ ನನ್ನ ಪಕ್ಕ ಕೂತಳು. ಬುಡೇನ್ ಹೇಳಿಕೊಟ್ಟ ಹಾಗೆ ನಾನು ಕಾಲು ಇಟ್ಟೂ ಇಡದ ಹಾಗೆ ಹೊರಟೆ. ಆಗಲೇ ದೂರದಲ್ಲಿ ಬಸ್ಸಿನ ಕೆಂಪು ಬೆನ್ನು ಕಂಡಿತು. ಅದನ್ನು ಕಂಡದ್ದೇ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಒತ್ತಿದೆ.

ಕೆಂಪು ಬೆನ್ನು ಸಾಸಿವೆಯಾಗಿ, ಇಲ್ಲವಾಯಿತು. "ಸಾವಕಾಶ ಹೋಗ್ರಿ" ಎಂದಳು. "ಕಾಲಿಗೆ ಸಿಗ್ತಾ ಇಲ್ಲ, ಹೊಸ ಗಾಡಿ" ಎಂದೆ. ಅವಳು ನನ್ನ ಕಾಲನ್ನೇ ನೋಡಿದಳು, ಕಿಟಕಿಯ ಕಡೆ ತಿರುಗಿದಳು. ಹೆಣ್ಣುಮಕ್ಕಳ ಶಾಲೆಯ ಕಾಂಪೌಂಡ್ ಗೋಡೆ ಶುರುವಾಗಿತ್ತು. ಆ ಗೋಡೆಯ ಮೇಲೆ ಇಪ್ಪತ್ತರವರೆಗೆ ಮಗ್ಗಿ ಬರೆದಿದ್ದಾರೆ. ನಮಗೆ ಇಪ್ಪತ್ತು ದಾಟಿತು, ಮೂವತ್ತೊಂದು, ಐವತ್ತಾರು, ತೊಂಬತ್ತು ದಾಟಿದವು, ಗೋಡೆ ಮುಗಿಯಲಿಲ್ಲ. ಸಾವಂತ್ರಿಗೆ ಬರೆದದ್ದನ್ನು ಕಂಡರೆ ಓದದೆ ಇರಲು ಬರುವುದಿಲ್ಲ. ಮುನಿಸಿನಲ್ಲೂ ತುಟಿ ಅಲ್ಲಾಡುತ್ತಿತ್ತು. "ನೂರಾ ಮೂವತ್ತೇಳ ಒಂದ್ಲೆ ನೂರಾ ಮೂವತ್ತೇಳು" ಎಂದು ಕೇಳಿಸಿದ ಮೇಲೆ ನಾನು ಮುಖ ಆಚೆ ತಿರುಗಿಸಿ ನಗು ನುಂಗಿದೆ.

ಅಷ್ಟರಲ್ಲಿ ಪಕ್ಕದಲ್ಲೊಂದು ಮೋಟರ್ ಸೈಕಲ್ ಬಂತು. ನಮ್ಮಷ್ಟೇ ವೇಗ. ಮೇಲೆ ಬಾಸಿಂಗ ಕಟ್ಟಿಕೊಂಡ ಮದುಮಗ, ಪಂಚೆ ಹಿಂದೆ ಬಾವುಟದ ಹಾಗೆ ಹಾರುತ್ತಿತ್ತು, ಕೊರಳಿನ ಹಾರ ಒಣಗಿ ಬರೀ ನಾರು. ಗಾಣಿಗರ ಬೀದಿಯ ಚಂದ್ರಹಾಸ. ಮದುವೆಯ ದಿನ ತಡವಾಯಿತೆಂದು ಮೋಟರ್ ಸೈಕಲ್ ಹತ್ತಿದವನು ಛತ್ರಕ್ಕೆ ಬರಲೇ ಇಲ್ಲ ಎಂದು ಊರೆಲ್ಲ ಮಾತಾಡಿಕೊಂಡಿತ್ತು.

"ಮುಹೂರ್ತ ಮೀರಿತೇನಣ್ಣಾ?" ಎಂದು ಕೂಗಿದ.

ಸಾವಂತ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮುಹೂರ್ತ ಅಂತ! ಆ ಹುಡುಗಿಗೆ ಬ್ಯಾರೆ ಮದುವಿ ಆಗಿ, ಅಕಿ ಮಗಳು ಸಾಲಿಗೆ ಹೊಂಟಾಳೋ ಮಾರಾಯಾ! ಸಾವಕಾಶ ಹೋಗು!"

"ಅದಕ್ಕೇ ಅಕ್ಕಾ, ಇಷ್ಟು ಅವಸರ ಮಾಡ್ತಿರೋದು!" ಎಂದವನೇ ಇನ್ನಷ್ಟು ತಿರುವಿಕೊಂಡು ಹೋದ.

ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೊದಲು ಯಾರು ನಕ್ಕರೋ ತಿಳಿಯದು. ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ನಗು ಇಳಿದ ಮೇಲೆ ಕಿಟಕಿಯಾಚೆ ನೋಡುತ್ತ ಕೂತಳು. ಗೋಡೆ ಯಾವಾಗಲೋ ಮುಗಿದು, ನಾನು ಎಂದೂ ಕಾಣದ ಬಯಲೊಂದು ಬಿಚ್ಚಿಕೊಳ್ಳುತ್ತಿತ್ತು.

"ಎಷ್ಟ್ ದಿನಾ ಆಗಿತ್ರಿ, ಹಿಂಗ ದಾರಿ ನೋಡಿ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಅಪ್ಪನ ಕೂಡ ಭಜನಿಗೆ ಊರೂರು ಚಕ್ಕಡ್ಯಾಗ ಹೋಗ್ತಿದ್ವಿ. ಪೇಟಿ ತೊಡಿ ಮ್ಯಾಲೆ. ನಾ ಹಾಡೂದ ಕಲ್ತದ್ದು ದಾರ್‍ಯಾಗ್ರಿ, ಮನ್ಯಾಗಲ್ಲ. ನಿಮ್ಮೂರಾಗ ದಾರೀನ ಇಲ್ಲ. ಚಪ್ಪಲಿ ಮೆಟ್ಟೂದ್ರಾಗ ಮುಟ್ಟಿರ್ತೀವಿ. ಎಲ್ಲಿ ಹಾಡ್ಲಿ ನಾ?"

ಇಷ್ಟು ವರ್ಷ ಅವಳು "ಹೊತ್ತಿಲ್ರಿ" ಎಂದದ್ದು ಇದನ್ನು. ನಾನು ಕೇಳಿಸಿಕೊಂಡದ್ದು ಅಡುಗೆಮನೆಯನ್ನು. ರೀಡಿನಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ಆಚೆ ಮನೆಯಿಂದ ಹೇ‍ಳುವ ಕಿವಿ ಇದು! ನನ್ನ ಮೇಲೆ ನನಗೇ ಅಸಹ್ಯವಾಯಿತು, ಅವಳ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು. ಕಾಲು ಒತ್ತಿ ಹಿಡಿದು ಇವಳನ್ನು ದಾರಿಯಲ್ಲೇ ಕಟ್ಟಿಹಾಕುವುದು ನ್ಯಾಯವಲ್ಲ ಎನ್ನಿಸಿತು. ಹೋಗುವವಳಾದರೆ ಹೋಗಲಿ. ಕಾಲೆತ್ತಿದೆ.

ಬಸ್ ಸ್ಟ್ಯಾಂಡು ಎದುರಿಗೇ ಬಂದು ನಿಂತಿತು. ಬಸ್ಸು ಹೊರಡಲು ಸಿದ್ಧವಾಗಿತ್ತು. ನಾನು ಟ್ರಂಕು ಇಳಿಸಿಕೊಂಡು ಹಿಂದೆ ನಡೆದೆ. ಸಾವಂತ್ರಿ ಬಸ್ಸಿನ ಮೆಟ್ಟಿಲ ಬಳಿ ಹೋದವಳು ಅಲ್ಲೇ ನಿಂತಳು. ಅವಳು ನೋಡುತ್ತಿದ್ದುದು ಕಂಟ್ರೋಲರನ ಮೇಜಿನ ಪಕ್ಕಕ್ಕೆ. ಅಲ್ಲಿ ಅವಳಪ್ಪನ ಪೇಟಿ ಇತ್ತು, ಅದರ ಮೇಲೆ ಕಂಟ್ರೋಲರನ ಟೀ ಲೋಟ ಇತ್ತು.

"ಗಡ್ಡದ ಹುಡುಗ ಒಬ್ಬ ಬಿಟ್ಟು ಹೋದ್ನಮ್ಮ" ಎಂದ ಕಂಟ್ರೋಲರ್. "'ನಂಗೆ ಹೊರೋಕೆ ಕೊಟ್ಟಿದ್ದು, ಒಯ್ಯೋಕಲ್ಲ ಅನ್ಸುತ್ತೆ, ಮೇಲೆ ಕುಂಕುಮ ಇದೆ, ಯಾರಾದ್ರೂ ಹುಡುಕ್ಕೊಂಡು ಬರ್ತಾರೆ' ಅಂದ."

ಸಾವಂತ್ರಿ ಲೋಟ ಎತ್ತಿ ಮೇಜಿನ ಮೇಲಿಟ್ಟಳು. ನೆಲದ ಮೇಲೆ ಕೂತು, ಪೇಟಿ ತೊಡೆಗೆಳೆದುಕೊಂಡು, ತಿದಿ ಒತ್ತಿದಳು. ಷಡ್ಜ ಬಂತು. ರಿಷಭದಲ್ಲಿ ಧೂಳು ಕೂತಿತ್ತು, ಗೊರ ಗೊರ ಎಂದಿತು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲುಕಚ್ಚಿ ತಡೆದೆ.

"ಏನಮ್ಮ, ಬರ್ತೀರಾ?" ಎಂದು ಕಂಡಕ್ಟರ್ ಕೂಗಿದ.

ಅವಳು ತಲೆಯೆತ್ತಲಿಲ್ಲ. "ರಿಷಭ ಗೊಗ್ಗರಾಗೇತ್ರಿ" ಎಂದಳು ನನಗೆ. "ಮನಿಗೆ ಹೋಗಿ ತಗದ ನೋಡ್ರಿ." ಆಮೇಲೆ ಕಂಡಕ್ಟರನ ಕಡೆ ತಿರುಗಿ, "ನೀವು ನಡೀರಿಪಾ" ಎಂದಳು.

ಟ್ರಂಕು ಮುಂದಿನ ಸೀಟಿಗೆ ಹೋಯಿತು. ಅವಳು ಹಿಂದೆ, ಸೀಟಿಲ್ಲದ ಜಾಗದಲ್ಲಿ, ಪೇಟಿ ಮುಂದಿಟ್ಟುಕೊಂಡು ಚಕ್ಕಡಿಯಲ್ಲಿ ಕೂತ ಹಾಗೆ ಕಾಲು ಮಡಿಚಿ ಕೂತಳು.

"ಹೊರಡಲಾ?" ಎಂದೆ.

"ಹೂಂ. ಲಗೂನ ಹೊಡೀರಿ."

"ಎಷ್ಟು ಲಗೂನ?"

"ಅದರಾಗ ಎಷ್ಟೈತೋ ಅಷ್ಟೂ."

ಒತ್ತಿದೆ. ಮಂದ್ರದಲ್ಲಿದ್ದ ಎಂಜಿನ್ ಮೇಲೆ ಮೇಲೆ ಏರಿ, ಏರಿ, ಕಪ್ಪು ನಾಲ್ಕಕ್ಕೆ ಬಂದು ನಿಂತಿತು. ಕಪ್ಪು ನಾಲ್ಕು, ಅಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆ, ಸಾವಂತ್ರಿಯ ಶ್ರುತಿ. ಆ ಎಂಜಿನ್ ಮಾಡಿದವನು ಯಾಕೆ ಮಾಡಿದನೋ, ನನಗೆ ಗೊತ್ತಿಲ್ಲ. ನನ್ನ ಕಿವಿ ಮಾತ್ರ ಪೂರ್ತಿ ಮೋಸ ಹೋಗಿರಲಿಲ್ಲ. ಅವಳು ಹಾಡಿದಳು. ರಿಷಭ ಬಂದಲ್ಲೆಲ್ಲ ಪೇಟಿ ಬಿಟ್ಟು ಬರೀ ಗಂಟಲಲ್ಲಿ ದಾಟಿದಳು. ಬಯಲು ಮುಗಿದು ಇನ್ನೊಂದು ಬಯಲು ಬಂತು, ಊರಿನಲ್ಲಿ ಇಲ್ಲದ ಹೊಳೆಯೊಂದು ಪಕ್ಕದಲ್ಲಿ ಬಂದು ಜೊತೆಗೇ ಹರಿಯಿತು. ಮುಂದೆ ಚಂದ್ರಹಾಸ ಮತ್ತೆ ಸಿಕ್ಕಿದ. ಹಾಡು ಕಿವಿಗೆ ಬಿದ್ದು ಕತ್ತು ತಿರುಗಿಸಿದ, ಕೇಳುತ್ತ ಕೇಳುತ್ತ ಅವನ ಕೈ ಸಡಿಲವಾಯಿತು. ಮರುಕ್ಷಣ ಅವನಿರಲಿಲ್ಲ. ಅಂತೂ ಛತ್ರ ಮುಟ್ಟಿದನೆಂದು ಕಾಣುತ್ತದೆ.

ಎಷ್ಟು ಹಾಡಿದಳು ಎಂದು ನಾನು ಎಣಿಸಲಿಲ್ಲ. ಕೊನೆಗೆ ತಿದಿ ಮುಚ್ಚಿದ ಸದ್ದು ಕೇಳಿತು.

"ಇನ್ನ ಸಾಕ್ರಿ, ಹಸಿವ್ಯಾಗೇತಿ" ಎಂದಳು. "ಬೇಗ ಹೋಗ್ರಿ ಮನಿಗೆ."

ನಾನು ಕನ್ನಡಿಯಲ್ಲಿ ಅವಳ ಮುಖ ನೋಡಿದೆ. "ಏನಂದೆ?"

"ಬೇಗ ಅಂದೆ. ಕಿವಿ ಕೇಳಸೂದಿಲ್ಲೇನ್ರಿ ನಿಮಗ?"

ಕಾಲೆತ್ತಿದೆ. ನಮ್ಮ ಮನೆಯ ಜಗಲಿ ಕಾರಿನ ಮುಂದೆಯೇ ಇತ್ತು.